ಹೊಸ ಬ್ಯಾರನ್ನಿನಲ್ಲಿ ತೊಂಬತ್ತಮೂರು ಡಿಗ್ರಿ

ಗುಡುಗಿದರೆ ಪ್ಲಗ್ಗು ಕೀಳದ ಮನೆ ಅರಕಲಗೂಡು ಸೀಮೆಯಲ್ಲಿ ಒಂದಾದರೂ ಇದ್ದರೆ ತೋರಿಸಿ, ಹಾರ ಹಾಕಿ ಸನ್ಮಾನ ಮಾಡೋಣ. ರಾಮಣ್ಣನ ಹೆಂಡತಿ ದೊಡ್ಡಮ್ಮನಂತೂ ಗುಡುಗುವ ತನಕ ಕಾಯುವ ಹೆಂಗಸೇ ಅಲ್ಲ. ಬಸವಾಪಟ್ಟಣದ ದಿಕ್ಕಿಗೆ ಆಕಾಶ ಕಪ್ಪಿಟ್ಟಿತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳೆಂದೇ ಅರ್ಥ. ಟೀವಿ, ಫ್ರಿಜ್ಜು, ಇಂಟರ್ನೆಟ್ಟಿನ ರೌಟರು, ಸೊಸೆಯ ಕಂಪ್ಯೂಟರು, ಹಿಂದಿನ ಜಗಲಿಯ ಬೋರ್ಡಿನಿಂದ ಬ್ಯಾರನ್ನುಗಳಿಗೆ ಹೋಗುವ ಎರಡು ವೈರು, ಎಲ್ಲವನ್ನೂ ಪಟಪಟನೆ ಕಿತ್ತು, "ಇನ್ನು ಸಿಡ್ಲು ಎಲ್ಲಾದ್ರೂ ವಡ್ಕಳ್ಳಿ, ನಮ್ಮನೆ ತಾವ ಬ್ಯಾಡ" ಎಂದು ಅಡುಗೆಮನೆಗೆ ಹೋಗಿ ಕೂರುತ್ತಿದ್ದಳು.

ಸೆಪ್ಟೆಂಬರಿನ ಆ ಗುರುವಾರ ಅವಳು ಪ್ಲಗ್ಗು ಕಿತ್ತದ್ದು ಮಧ್ಯಾಹ್ನ ಮೂರಕ್ಕೆ, ಮತ್ತೆ ಹಾಕಿದ್ದು ನಾಲ್ಕಕ್ಕೆ. ಮನೆಯಲ್ಲಿ ಇದ್ದವರು ಇಬ್ಬರೇ, ದೊಡ್ಡಮ್ಮ ಮತ್ತು ಅವಳ ಸೊಸೆ ಆಶಾರಾಣಿ. ಯಜಮಾನ ರಾಮಣ್ಣನಿಗೆ ಕಣ್ಣು ತೋರಿಸಬೇಕೆಂದು ಮಗ ಕುಮಾರ ಬೆಳಿಗ್ಗೆಯೇ ಅವನನ್ನು ಹಾಸನಕ್ಕೆ ಕರೆದುಕೊಂಡು ಹೋಗಿದ್ದ. ಹೊರಗೆ ಬ್ಯಾರನ್ನುಗಳ ಒಲೆ ನೋಡಿಕೊಳ್ಳಲು ಚೆನ್ನಯ್ಯ ಇದ್ದ.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಮೂರಾಳೆತ್ತರದ ಇಟ್ಟಿಗೆ ಕೋಣೆ, ಅದಕ್ಕೊಂದು ಗಿಡ್ಡ ಬಾಗಿಲು, ಹೊರಗಡೆ ಒಲೆಯ ಬಾಯಿ, ಒಳಗೆ ನೆಲದ ಮೇಲೆ ಸುತ್ತು ಹೊಡೆದ ಕಬ್ಬಿಣದ ಕೊಳವೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲಾಗಿ ತೂಗುಹಾಕಿ ಬಾಗಿಲು ಮುಚ್ಚಿದರೆ ಆರು ದಿನದ ಕೆಲಸ. ಮೊದಲೆರಡು ದಿನ ಸೊಪ್ಪು ಹಳದಿಗೆ ತಿರುಗಲು ನೂರು ಡಿಗ್ರಿ ಸಾಕು, ಇಲ್ಲಿಯವರದು ಫ್ಯಾರನ್‌ಹೀಟ್ ಲೆಕ್ಕ. ಕೊನೆಯ ದಿನ ದಂಟು ಕೂಡ ಒಣಗಬೇಕು, ಆಗ ನೂರ ಅರವತ್ತು. ಅದರ ಮೇಲೆ ಹತ್ತು ಹದಿನೈದು ಏರಿತೆಂದರೆ ಮುಗಿಯಿತು. ಗರಿಗರಿಯಾದ ಎಲೆಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೂ ಸಾಕು. ಎರಡು ವರ್ಷದ ಹಿಂದೆ ಪಕ್ಕದ ಹೊಲದ ಪರಮಶಿವಯ್ಯನವರ ಬ್ಯಾರನ್ ಹೀಗೇ ಹೊತ್ತಿಕೊಂಡಿತು. ಅವರು ನೀರು ಹೊತ್ತು ತರುವುದರೊಳಗೆ ನಾಲ್ಕು ಗೋಡೆ ಮಾತ್ರ ಉಳಿದಿತ್ತು. ಬಾಗಿಲು ತೆಗೆಯಲು ಹೋದ ಆಳು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ, ಅವನ ಮಕ್ಕಳಿಗೇ ಅವನ ಗುರುತು ಸಿಗಲಿಲ್ಲ.

ರಾಮಣ್ಣನ ಮನೆಗೆ ಬ್ಯಾರನ್ ಎರಡು. ಅಪ್ಪ ಕಟ್ಟಿಸಿದ ಹಳೆಯದು, ಈ ವರ್ಷ ತಾನೇ ಕಟ್ಟಿಸಿದ ಹೊಸದು. ಹಿತ್ತಿಲು ದಾಟಿ, ಕೊಟ್ಟಿಗೆ ದಾಟಿ, ಬಿದಿರು ಮೆಳೆಯ ಆಚೆ ಅವೆರಡೂ ಅರವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದವು. ಹಳೆಯದರಲ್ಲಿ ಸೊಪ್ಪು ಇನ್ನೂ ಎರಡನೇ ದಿನದ್ದು. ಹೊಸದರಲ್ಲಿ ಇದ್ದದ್ದು ಅದರ ಚೊಚ್ಚಲ ಸೊಪ್ಪು, ಆರನೇ ದಿನದ್ದು, ನಾಳೆ ಬೆಳಿಗ್ಗೆ ಇಳಿಸುವಂಥದ್ದು. ಊರ ಜನರೆಲ್ಲ ಬಂದು ನೋಡುತ್ತಾರೆಂದು ರಾಮಣ್ಣ ಕಾಯಿ, ಬಾಳೆಹಣ್ಣು ಎಲ್ಲ ತರಿಸಿಟ್ಟಿದ್ದ.

ಇನ್ನು ಆಶಾರಾಣಿ. ಹಳ್ಳಿಮೈಸೂರಿನ ಹುಡುಗಿ. ಹೊಳೆನರಸೀಪುರದಲ್ಲಿ ಡಿಪ್ಲೊಮಾ ಓದಿ, ಮದುವೆಗೆ ಮುಂಚೆ ಚನ್ನರಾಯಪಟ್ಟಣದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಎರಡು ವರ್ಷ ದುಡಿದವಳು. ಈಗ ಏಳು ತಿಂಗಳ ಬಸುರಿ, ಒಲೆಯ ಹೊಗೆಯ ಹತ್ತಿರ ಸುಳಿಯಕೂಡದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ನಡುಮನೆಯ ಕಿಟಕಿ ಪಕ್ಕದ ಕುರ್ಚಿಯೇ ಅವಳ ಕಾವಲು ಮಂಚಿಕೆ. ಬ್ಯಾರನ್ನುಗಳ ಒಳಗೆ ಅವಳೇ ಜೋಡಿಸಿದ ಒಂದೊಂದು ಪೆಟ್ಟಿಗೆ ಶಾಖ ಅಳೆದು ಕಳಿಸುತ್ತಿತ್ತು. ಮನೆಯ ಕಂಪ್ಯೂಟರಿನ ಪರದೆ ಅದನ್ನು ತೋರಿಸುತ್ತಿತ್ತು, ಮೇಲೆ 'ಹಳೇಬ್ಯಾರನ್', ಕೆಳಗೆ 'ಹೊಸಬ್ಯಾರನ್', ಪಕ್ಕದಲ್ಲಿ ಡಿಗ್ರಿ.

ಈ ಸಾಮಾನುಗಳ ಲೋಕದಲ್ಲಿ ಹೆಸರು ನಮ್ಮ ಅನುಕೂಲಕ್ಕೆ. ಅವುಗಳಿಗೆ ಗೊತ್ತಿರುವುದು ನಂಬರು ಮಾತ್ರ. ಆ ನಂಬರನ್ನು ಕೊಡುವುದು ರೌಟರು, ನ್ಯಾಯಬೆಲೆ ಅಂಗಡಿಯ ಟೋಕನ್ನಿನ ಹಾಗೆ ಮೊದಲು ಬಂದವರಿಗೆ ಮೊದಲು. ಅವರ ಮನೆಯದು ಅಗ್ಗದ ರೌಟರು, ಆಫ್ ಮಾಡಿ ಆನ್ ಮಾಡಿದರೆ ಹಿಂದಿನದೆಲ್ಲ ಮರೆತು ಮತ್ತೆ ಮೊದಲಿನಿಂದ ಹಂಚುತ್ತಿತ್ತು. ಆಶಾ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದಳು: ಹಳೇಬ್ಯಾರನ್ ಅಂದರೆ ಮೂರು, ಹೊಸಬ್ಯಾರನ್ ಅಂದರೆ ನಾಲ್ಕು. ಪರದೆ ಹೆಸರು ಹಿಡಿದು ಕೇಳಿದರೆ ಕಂಪ್ಯೂಟರು ಪಟ್ಟಿ ನೋಡಿ ಆ ನಂಬರಿನ ಪೆಟ್ಟಿಗೆಯನ್ನು ಮಾತಾಡಿಸುತ್ತಿತ್ತು.

ಯಾವ ಪೆಟ್ಟಿಗೆಗೆ ಯಾವ ನಂಬರು ಅಂತ ರೌಟರಿನಲ್ಲೇ ಗಂಟು ಹಾಕಿಬಿಟ್ಟರೆ ಗುಡುಗಲ್ಲ, ಭೂಕಂಪವಾದರೂ ಅಲ್ಲಾಡುವುದಿಲ್ಲ. ಐದು ನಿಮಿಷದ ಕೆಲಸ. ಮನೆಯ ಫೋನುಗಳಿಗೆಲ್ಲ ಹಾಗೆ ಗಂಟು ಹಾಕಿಯೂ ಇದ್ದಳು. ಪೆಟ್ಟಿಗೆಗಳದು ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು. ಏಕೆಂದರೆ ಅತ್ತೆ ಪ್ಲಗ್ಗು ಹಾಕುವ ಕ್ರಮ ಎಂದೂ ತಪ್ಪುತ್ತಿರಲಿಲ್ಲ. ಮೊದಲು ರೌಟರು, ಆಮೇಲೆ ಕಂಪ್ಯೂಟರು, ಆಮೇಲೆ ಹಳೇ ಬ್ಯಾರನ್ನು, ಕೊನೆಗೆ ಹೊಸ ಬ್ಯಾರನ್ನು. ದೀಪ ಹಚ್ಚಲಿ, ಊಟಕ್ಕೆ ಬಡಿಸಲಿ, ಹಿರಿದಕ್ಕೆ ಮೊದಲು ಎನ್ನುವುದು ಅವಳ ಶಾಸ್ತ್ರ. "ನಿಮ್ಮವ್ವ ಇರೋ ತನಕ ನಮ್ಮನೇಲಿ ನಂಬರ್ ತಪ್ಪಲ್ಲ" ಎಂದು ಆಶಾ ಗಂಡನ ಹತ್ತಿರ ನಕ್ಕಿದ್ದಳು. ಓದಿದವರು ತಮ್ಮ ಸೋಮಾರಿತನಕ್ಕೆ ಎಷ್ಟು ಚೆಂದದ ಹೆಸರಿಡುತ್ತಾರೆ ನೋಡಿ.

ನಾಲ್ಕು ಗಂಟೆಗೆ ಪರದೆ ಬೆಳಗಿತು. ಎರಡೂ ಹೆಸರಿನ ಮುಂದೆ 'ಸಿಗುತ್ತಿಲ್ಲ' ಎಂದಿತ್ತು. ಆಶಾ ಎರಡು ನಿಮಿಷ ಕಾದಳು. ಕಂಪ್ಯೂಟರಿನ ಹಳೆಯ ನೆನಪನ್ನೆಲ್ಲ ಅಳಿಸಿ ಮತ್ತೆ ಕೇಳಿಸಿದಳು. ಮೇಲಿನ ಸಾಲು ಬಂತು, ಕೆಳಗಿನ ಸಾಲೂ ಬಂತು. ಓದಿ ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

ಹಳೇಬ್ಯಾರನ್: ನೂರ ನಲವತ್ತೊಂದು. ಹೊಸಬ್ಯಾರನ್: ತೊಂಬತ್ತಮೂರು.

ಮಧ್ಯಾಹ್ನ ಊಟಕ್ಕೇಳುವಾಗ ಹಳೆಯದು ನೂರ ಮೂರು ಇತ್ತು, ಹೊಸದು ನೂರ ಐವತ್ತೆಂಟು. ಈ ಗಾಳಿಮಳೆಯಲ್ಲಿ ಹಳೆಯದರ ಒಲೆಗೆ ಎಳೆತ ಹೆಚ್ಚಾಗಿ ಧಗಧಗ ಉರಿದಿರಬೇಕು, ಹೊಸದರ ಒಲೆಗೆ ನೀರು ನುಗ್ಗಿ ಆರಿರಬೇಕು. ಹಾಗಂದುಕೊಂಡಳು. ಹಳದಿಗೆ ತಿರುಗಬೇಕಾದ ಸೊಪ್ಪು ನೂರ ನಲವತ್ತರಲ್ಲಿ ಬೆಂದರೆ ಹಸಿರಾಗಿಯೇ ಸತ್ತುಹೋಗುತ್ತದೆ, ಒಣಗುತ್ತಿರುವ ಸೊಪ್ಪು ತಣ್ಣಗಾದರೆ ಬೆವೆತು ಕಪ್ಪಾಗುತ್ತದೆ. ಎರಡೂ ಒಟ್ಟಿಗೆ! ಅದೂ ಯಜಮಾನರು ಮನೆಯಲ್ಲಿಲ್ಲದ ದಿನ. ಅವಳು ಫೋನ್ ಎತ್ತಿಕೊಂಡಳು.

"ಚೆನ್ನಯ್ಯ, ಹಳೇದು ನೂರ ನಲ್ವತ್ತೊಂದು ತೋರಿಸ್ತಾ ಇದೆ! ಒಲೆ ಮುಂದೆ ಯಾರೂ ಇಲ್ವಾ?"

"ನಾನಿಲ್ದೆ ಇನ್ಯಾರವ್ವ ಇರ್ತರೆ? ಅಳೇದ್ರಾಗೆ ಎಲ್ಡು ಕೊಳ್ಳಿ ಅದೆ ಅಷ್ಟೆಯ. ಸೌದೆ ನೆಂದು ಎಲ್ಡೂ ಒಲೆ ಮಂಕಾಗವೆ."

"ಎರಡು ಕೊಳ್ಳಿಗೆ ಅಷ್ಟು ಏರುತ್ತಾ? ಮೊದ್ಲು ಅದರ ಬೆಂಕಿ ಪೂರ್ತಿ ಎಳ್ದಾಕು. ಹೊಸದು ತೊಂಬತ್ತಮೂರಕ್ಕೆ ಬಿದ್ಬಿಟ್ಟಿದೆ. ಕೊಟ್ಟಿಗೇಲಿರೋ ಒಣ ಸೌದೆ ತಂದು ಅದಕ್ಕೆ ತುಂಬು."

ಆ ಕಡೆ ಇದ್ದವನು ಚೆನ್ನಯ್ಯ. ಮೂವತ್ತೊಂದು ವರ್ಷದಿಂದ ಈ ಮನೆಯ ಸೊಪ್ಪು ಬೇಯಿಸಿದವನು. ಗೋಡೆಗೆ ಅಂಗೈ ಒತ್ತಿ ಶಾಖ ಹೇಳುತ್ತಿದ್ದವನು.

"ಒಸ್ದು ತಣ್ಣಗಾಗಿಲ್ಲ ಕಣವ್ವ. ಈಗ್ಲೇ ಗ್ವಾಡೆಗೆ ಕೈ ಮಡಗಿದ್ದೆ. ಚೂರು ಇಳ್ದದೆ, ಇಲ್ಲ ಅನ್ನಕಿಲ್ಲ. ಎಲ್ಡು ಕೊಳ್ಳಿ ಇಕ್ಕುದ್ರೆ ಸರಿ ಓಯ್ತದೆ. ತುಂಬೋದು ಬ್ಯಾಡ."

ಆಶಾಗೆ ಗಾಬರಿಯಲ್ಲಿ ಸಿಟ್ಟು ಬಂತು. "ಹೋದ್ ವರ್ಷಾನೂ ನೀನು ಹಿಂಗೇ ಅಂದಿದ್ದೆ ಚೆನ್ನಯ್ಯ."

ಹೋದ ವರ್ಷ ಆಗಿದ್ದು ಇಷ್ಟು. ಹಳೇ ಬ್ಯಾರನ್ನಿಗೆ ಪೆಟ್ಟಿಗೆ ಜೋಡಿಸಿದ ಹೊಸತರಲ್ಲಿ. ಪೆಟ್ಟಿಗೆ ನೂರ ಇಪ್ಪತ್ತನಾಲ್ಕು ಎಂದಿತು, ಚೆನ್ನಯ್ಯನ ಅಂಗೈ ನೂರ ಹತ್ತು ಎಂದಿತು. ಬಾಗಿಲು ತೆಗೆದು ಥರ್ಮಾಮೀಟರು ನೋಡಿದರೆ ಪೆಟ್ಟಿಗೆಯೇ ಸರಿ, ಕೊಳವೆ ಒಂದು ಕಡೆ ಸೀಳಿತ್ತು. ಸೊಪ್ಪು ಉಳಿಯಿತು. ರಾಮಣ್ಣನಿಗೆ ಸೊಸೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಅರಕಲಗೂಡು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಆಮೇಲೆ ಬ್ಯಾರನ್ನಿನ ಗಾಜಿನ ಥರ್ಮಾಮೀಟರು ಒಡೆದಾಗ ಹೊಸದನ್ನು ಯಾರೂ ತರಲಿಲ್ಲ, ಪೆಟ್ಟಿಗೆ ಇದೆಯಲ್ಲ ಎಂದರು.

ಫೋನಿನಲ್ಲಿ ಚೆನ್ನಯ್ಯ ಮತ್ತೆ ವಾದಿಸಲಿಲ್ಲ. "ಆಯ್ತು ಕಣವ್ವ, ಆಕ್ತೀನಿ" ಎಂದ.

ಆಶಾ ಪರದೆಯ ಮುಂದೆ ಕೂತಳು. ಹೊಟ್ಟೆಯೊಳಗಿನ ಮಗು ಒದ್ದಾಡುತ್ತಿತ್ತು, ಅವಳಿಗೂ ಕೂರಲಾಗುತ್ತಿರಲಿಲ್ಲ. ನಾಲ್ಕೂಕಾಲಿಗೆ ಹಳೇಬ್ಯಾರನ್ ನೂರ ನಲವತ್ತೇಳು. ಬೆಂಕಿ ಎಳೆದರೂ ಗೋಡೆಯ ಕಾವು ಇರುತ್ತದಲ್ಲ, ಇಳಿಯಲು ಸಮಯ ಬೇಕು ಎಂದು ಸಮಾಧಾನ ಹೇಳಿಕೊಂಡಳು. ನಾಲ್ಕೂವರೆಗೆ ನೂರ ಐವತ್ತನಾಲ್ಕು. ಹೊಸಬ್ಯಾರನ್ ತೊಂಬತ್ತಮೂರರಿಂದ ಎಂಬತ್ತೆಂಟಕ್ಕೆ ಇಳಿದಿತ್ತು. ಮತ್ತೆ ಫೋನ್ ಮಾಡಿದಳು.

"ಹಳೇದರ ಬೆಂಕಿ ಎಳೆದ್ಯಾ ಇಲ್ವಾ ಚೆನ್ನಯ್ಯ?"

"ಆಗ್ಲೇ ಎಳ್ದೆ ಕಣವ್ವ. ಬೂದಿ ಬಿಟ್ರೆ ಏನೂ ಇಲ್ಲ ಅದ್ರಾಗೆ. ಒಸ್ದ್ರ ಒಲೆಗೆ ಬಾಯ್ತುಂಬ ಇಕ್ಕಿವ್ನಿ. ಧಗಧಗ ಅಂತದೆ."

"ಇನ್ನೂ ಸಾಲ್ತಿಲ್ಲ. ಇಳೀತಾನೇ ಇದೆ, ಇನ್ನೂ ಹಾಕು."

"ಇನ್ನೂವಾ?"

"ಹಾಕು ಅಂದ್ನಲ್ಲ!"

ಫೋನ್ ಇಟ್ಟಮೇಲೆ ಅವಳಿಗೆ ಹೊಳೆದದ್ದು ಬೇರೆಯೇ ಭಯ. ಒಲೆಯಲ್ಲಿ ಬೂದಿ ಬಿಟ್ಟರೆ ಏನೂ ಇಲ್ಲ, ಆದರೂ ಶಾಖ ಏರುತ್ತಿದೆಯೆಂದರೆ ಹಳೇ ಬ್ಯಾರನ್ನಿನ ಒಳಗೇ ಸೊಪ್ಪು ಹೊತ್ತಿಕೊಂಡಿದೆಯೇ? ಹಸಿ ಸೊಪ್ಪು ಹೊತ್ತುವುದುಂಟೇ? ಇಲ್ಲವೆಂದರೆ ಪೆಟ್ಟಿಗೆ ಕೆಟ್ಟಿತೇ? ಚನ್ನರಾಯಪಟ್ಟಣದ ಅಂಗಡಿಯ ಯಜಮಾನ ರವೀಂದ್ರ ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು: ಅಂದಾಜು ಮಾಡಬೇಡ, ಒಂದೊಂದೇ ಮೆಟ್ಟಿಲು ಇಳಿದು ಕೇಳು. ಕೀಲಿಮಣೆ ಎಳೆದುಕೊಂಡಳು.

ಹಳೇಬ್ಯಾರನ್ ಯಾರು ಎಂದು ಕಂಪ್ಯೂಟರನ್ನು ಕೇಳಿದಳು. ಮೂರು ಎಂದಿತು. ಸರಿ. ಹೆಸರು ಬಿಟ್ಟು ನೇರ ಮೂರನ್ನೇ ಮಾತಾಡಿಸಿದಳು. ನೂರ ಅರವತ್ತು ಎಂದಿತು. ಹೊಸಬ್ಯಾರನ್ ಯಾರು? ನಾಲ್ಕು. ನಾಲ್ಕನ್ನೇ ಕರೆದಳು. ಎಂಬತ್ತಾರು. ಪಟ್ಟಿ ತೆರೆದು ನೋಡಿದಳು, ತಾನು ಬರೆದದ್ದು ಬರೆದ ಹಾಗೇ ಇತ್ತು. ಹೆಸರು ಸರಿ, ನಂಬರು ಸರಿ, ಪೆಟ್ಟಿಗೆಗಳು ಜೀವಂತ. ಎಲ್ಲಿಯೂ ತಪ್ಪಿಲ್ಲ, ಆದರೂ ಬೆಂಕಿ ಹಾಕಿದ ಕಡೆ ತಣ್ಣಗಾಗುತ್ತಿದೆ, ಬೆಂಕಿ ತೆಗೆದ ಕಡೆ ಕಾಯುತ್ತಿದೆ. ಅಯ್ಯೋ ದೇವರೇ, ಇದೆಂಥ ನ್ಯಾಯ?

ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡಳು. ಹಾಕಿದ ಕಡೆ ತಣ್ಣಗೆ, ತೆಗೆದ ಕಡೆ ಬಿಸಿ. ಮೂರನೆಯ ಸಲ ಅನ್ನುವಷ್ಟರಲ್ಲಿ ಅವಳಿಗೆ ಹೊಳೆಯಿತು, ಎರಡೂ ಅದಲುಬದಲಾಗಿದ್ದರೆ?

ಮೂರನೇ ನಂಬರಿನಲ್ಲಿ ಕೂತಿರುವವನು ಯಾರು ಎಂದು ಪಟ್ಟಿಯನ್ನು ಕೇಳಿ ಉಪಯೋಗವಿಲ್ಲ, ಪಟ್ಟಿ ಅವಳು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತದೆ. ಎದ್ದು ಹಿಂದಿನ ಜಗಲಿಗೆ ಹೋದಳು. ಬೋರ್ಡಿನಲ್ಲಿ ಎರಡು ಪ್ಲಗ್ಗು ಪಕ್ಕಪಕ್ಕ, ಎಡಗಡೆಯದು ಹಳೇ ಬ್ಯಾರನ್ನಿನ ವೈರು. ಅದನ್ನು ಹಿಡಿದು ಎಳೆದಳು. ಮತ್ತೆ ನಡುಮನೆಗೆ ಬಂದು ಪರದೆ ನೋಡಿದಳು. ಹಳೇ ಬ್ಯಾರನ್ನಿನ ಪೆಟ್ಟಿಗೆಗೆ ಈಗ ಕರೆಂಟಿಲ್ಲ, ಸಾಯಬೇಕಾದದ್ದು ಮೇಲಿನ ಸಾಲು.

ಸತ್ತದ್ದು ಕೆಳಗಿನ ಸಾಲು. 'ಹೊಸಬ್ಯಾರನ್ ಸಿಗುತ್ತಿಲ್ಲ.' ಮೇಲಿನ ಸಾಲು, ಹಳೇಬ್ಯಾರನ್ ಎಂಬ ಹೆಸರು ಹೊತ್ತುಕೊಂಡು, ನೂರ ಅರವತ್ತೆಂಟು ತೋರಿಸುತ್ತಿತ್ತು.

ಅಂದರೆ ನೂರ ಅರವತ್ತೆಂಟು ಹೊಸದರಲ್ಲಿ. ಒಣಗಿ ಗರಿಗರಿಯಾದ ಚೊಚ್ಚಲ ಸೊಪ್ಪಿನಲ್ಲಿ. ಅರ್ಧ ಗಂಟೆಗೂ ಮೇಲಿನಿಂದ ಅದಕ್ಕೇ ಅವಳು ಸೌದೆ ತುಂಬಿಸುತ್ತಿದ್ದಾಳೆ, ಒಲೆಯ ಮುಂದೆ ಚೆನ್ನಯ್ಯ ಒಬ್ಬನೇ ಇದ್ದಾನೆ.

"ಅತ್ತೇ!" ಅವಳ ಕೂಗಿಗೆ ಅಡುಗೆಮನೆಯಿಂದ ದೊಡ್ಡಮ್ಮ ಸೌಟು ಹಿಡಿದೇ ಓಡಿ ಬಂದಳು. "ಅತ್ತೆ, ಪ್ಲಗ್ ಹಾಕುವಾಗ ಯಾವುದು ಮೊದಲು ಹಾಕಿದ್ರಿ? ಹಳೇದಾ, ಹೊಸದಾ?"

"ಒಸ್ದೇ ಮೊದ್ಲು ಆಕ್ದೆ. ಯಾಕವ್ವ?"

"ಯಾವಾಗ್ಲೂ ಹಳೇದು ತಾನೇ ಮೊದಲು?"

"ಯಾವಾಗ್ಲೂ ಅಂಗೇಯ. ಆದ್ರೆ ಇವತ್ತು ಒಸ್ದ್ರದ್ದು ಚೊಚ್ಲು ಸೊಪ್ಪಲ್ವ, ನಾಳೆ ಇಳ್ಸೋದು. ಚೊಚ್ಲು ಬಸ್ರಿಗೆ ಮನೆ ಯಜಮಾನ್ನಿಗಿಂತ ಮೊದ್ಲು ಎಲೆ ಆಕಕಿಲ್ವಾ ನಾವು? ನಿಂಗೆ ಮೂರ್ ತಿಂಗ್ಳಿಂದ ಮೊದ್ಲು ಇಕ್ತಿಲ್ವಾ ನಾನು? ಅಂಗೇ ಅದ್ಕೂವೆ ಅಂತ..."

ಆಶಾಗೆ ಮುಂದಿನದು ಕೇಳಿಸಲಿಲ್ಲ. ಚೆನ್ನಯ್ಯನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಅವನು ಅಂಗಿ ಬಿಚ್ಚಿ ಗೂಟಕ್ಕೆ ತಗುಲಿಸಿಯೇ ಸೌದೆ ಹಾಕುವವನು, ಫೋನ್ ಆ ಅಂಗಿಯ ಜೇಬಿನಲ್ಲಿ. "ಹೊಸ ಬ್ಯಾರನ್ ಹೊತ್ಕೊಳ್ಳುತ್ತೆ ಅತ್ತೆ! ಬೆಂಕಿ ಎಳೀಬೇಕು!" ಎಂದು ಹಿತ್ತಿಲ ಬಾಗಿಲಿಗೆ ಕಾಲಿಟ್ಟಳು.

ದೊಡ್ಡಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿ, ತಾನು ಓಡಿದಳು. ಮಂಡಿ ನೋವೆಂದು ದೇವಸ್ಥಾನದ ಮೂರು ಮೆಟ್ಟಿಲು ಹತ್ತಲು ಇಬ್ಬರ ಭುಜ ಹಿಡಿಯುವ ಹೆಂಗಸು, ಸೀರೆ ಮೊಣಕಾಲಿಗೆತ್ತಿ ಕೆಸರಿನಲ್ಲಿ ಓಡಿದ್ದನ್ನು ಆಶಾ ಅವತ್ತೇ ನೋಡಿದ್ದು. "ಲೇ ಚೆನ್ನಯ್ಯ! ಎಳ್ದಾಕ್ಲಾ! ಬೆಂಕಿ ಎಳ್ದಾಕು!" ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಆಶಾ ಸುಮ್ಮನಿರಲಾರದೆ ಹೊಟ್ಟೆ ಹಿಡಿದುಕೊಂಡು ಹಿಂದೆಯೇ ನಡೆದಳು.

ಬಿದಿರು ಮೆಳೆ ದಾಟುವ ಮೊದಲೇ ವಾಸನೆ ಬಂತು. ಸೊಪ್ಪು ಬೇಯುವ ಸಿಹಿ ವಾಸನೆಯಲ್ಲ, ಸುಡುವ ಕಮಟು.

ಚೆನ್ನಯ್ಯ ಆಗಲೇ ಉದ್ದನೆಯ ಕೊಕ್ಕೆಯಿಂದ ಉರಿಯುವ ಕೊಳ್ಳಿಗಳನ್ನು ಒಲೆಯಿಂದ ಎಳೆದು ಮಳೆನೀರಿಗೆ ಹಾಕುತ್ತಿದ್ದ. ಚೊರ್ ಎಂದು ಹಬೆ ಏಳುತ್ತಿತ್ತು. ಕೊನೆಯ ಕೊಳ್ಳಿ ಎಳೆದವನೇ ಬಾಗಿಲಿನ ಗಾಜಿನ ಕಿಂಡಿಗೆ ಮುಖವಿಟ್ಟು ನೋಡಿದ. ಆಶಾಳೂ ನೋಡಿದಳು. ಒಳಗೆ ಕತ್ತಲು. ಕೆಳಗೆ, ಬಾಗಿಲಿಗೆ ಎರಡು ಮಾರು ದೂರದಲ್ಲಿ, ಕಡ್ಡಿಯೊಂದರ ದಾರ ಸುಟ್ಟು ಸೊಪ್ಪಿನ ಕಂತೆ ಕೊಳವೆಯ ಮೇಲೆ ಬಿದ್ದಿತ್ತು. ಅದರ ಅಂಚಿನಲ್ಲಿ ಕೆಂಪು ಹರಿದಾಡುತ್ತಿತ್ತು. ಇನ್ನೂ ಜ್ವಾಲೆ ಎದ್ದಿರಲಿಲ್ಲ.

"ಗಾಳಿ ಆಡ್ದಂಗೆ ಬಾಗ್ಲು ಇಡ್ಕಳ್ಳಿ ದೊಡ್ಡವ್ವ. ನಾನು ಒಳಿಕೋದೇಟ್ಗೇ ಮುಚ್ಬುಡಿ" ಎಂದು ಚೆನ್ನಯ್ಯ ಗೋಣಿಚೀಲವೊಂದನ್ನು ನೀರಿನಲ್ಲಿ ಅದ್ದಿ ತಲೆಯ ಮೇಲೆ ಹಾಕಿಕೊಂಡ.

"ಬೇಡ ಚೆನ್ನಯ್ಯ!" ಆಶಾ ಕಿರುಚಿದಳು. "ಹೋದ್ರೆ ಹೋಗ್ಲಿ ಸೊಪ್ಪು! ಒಳಗೆ ಹೋಗ್ಬೇಡ!"

"ನೀನು ಇಂದ್ಕೋಗವ್ವ. ಇಂಥ ಒತ್ನಾಗೆ ಇಲ್ಲಿ ನಿಂತ್ಕಬಾರ್ದು ನೀನು" ಎಂದವನು ಬಗ್ಗಿ ನುಗ್ಗಿಬಿಟ್ಟ.

ದೊಡ್ಡಮ್ಮ ಬಾಗಿಲು ಮುಚ್ಚಿ ಬೆನ್ನು ಕೊಟ್ಟು ನಿಂತಳು. ಬಾಗಿಲು ಕಾದಿತ್ತು, ಅವಳು ಹಲ್ಲು ಕಚ್ಚಿಕೊಂಡಿದ್ದಳು. ಆಶಾಗೆ ಪರಮಶಿವಯ್ಯನವರ ಆಳಿನ ಮುಖ ಕಣ್ಣಿಗೆ ಕಟ್ಟಿತು. ತನ್ನ ಮೂರು, ನಾಲ್ಕು, ತನ್ನ ಪಟ್ಟಿ, ತನ್ನ 'ನಾಳೆ ಮಾಡಿದರಾಯಿತು', ಎಲ್ಲದರ ಮೇಲೂ ಅಸಹ್ಯ ಹುಟ್ಟಿತು. ಒಬ್ಬ ಮನುಷ್ಯನನ್ನು ಬೆಂಕಿಗೆ ಕಳಿಸಿದೆನಲ್ಲ, ಬೇಡ ಬೇಡ ಎಂದವನನ್ನು ಹಂಗಿಸಿ ಕಳಿಸಿದೆನಲ್ಲ ಎಂದು ಎದೆ ಬಡಿದುಕೊಂಡಳು.

ಒಳಗಿನಿಂದ ಬಾಗಿಲಿಗೆ ಗುದ್ದಿದ ಸದ್ದಾಯಿತು. ದೊಡ್ಡಮ್ಮ ಸರಿದಳು. ಚೆನ್ನಯ್ಯ ಗೋಣಿಚೀಲವನ್ನು ಎದೆಗವಚಿಕೊಂಡು ಹೊರಗುರುಳಿ ಅದನ್ನು ಕೆಸರಿಗೆ ಎಸೆದ. ಗಾಳಿ ತಾಗಿದ್ದೇ ಚೀಲದೊಳಗಿನ ಸೊಪ್ಪು ಭಗ್ಗೆಂದು ಹತ್ತಿಕೊಂಡಿತು. ದೊಡ್ಡಮ್ಮ ಅದರ ಮೇಲೆ ಕಾಲಿನಿಂದ ಕೆಸರು ಎಳೆದಳು. ಅದು ಒಳಗಾಗಿದ್ದರೆ ಏನಾಗುತ್ತಿತ್ತೆಂದು ಮೂವರಿಗೂ ಗೊತ್ತಿತ್ತು. ಚೆನ್ನಯ್ಯನ ಬಲಗೈ, ಬೆರಳ ತುದಿಯಿಂದ ಮೊಣಕೈವರೆಗೆ ಕೆಂಪಾಗಿ ಬೊಬ್ಬೆ ಎದ್ದಿತ್ತು. ಹುಬ್ಬು ಸುಟ್ಟಿತ್ತು. ಅವನು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, ಮತ್ತೆ ಎದ್ದು ಕಿಂಡಿಯಲ್ಲಿ ಇಣುಕಿ, "ಇನ್ನೇನಿಲ್ಲ" ಎಂದ.

ಆಶಾ ಮನೆಗೆ ಹೋಗಿ ಪಾತ್ರೆಯಲ್ಲಿ ತಣ್ಣೀರು ತಂದು ಅವನ ಕೈಗೆ ಹುಯ್ಯುತ್ತಿದ್ದಾಗ ಹಿತ್ತಿಲಲ್ಲಿ ಕುಮಾರನ ಬೈಕಿನ ಸದ್ದಾಯಿತು. ರಾಮಣ್ಣ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡೇ ಬಂದ. ಕಣ್ಣು ಮಂಜಾಗಿದ್ದರೂ ಮೂಗಿಗೆ ಏನೂ ಆಗಿರಲಿಲ್ಲ. ಒಲೆಯ ಮುಂದೆ ಹಬೆಯಾಡುತ್ತಿದ್ದ ಕೊಳ್ಳಿಗಳ ರಾಶಿ, ಕೆಸರಿನಲ್ಲಿ ಸುಟ್ಟ ಸೊಪ್ಪು. ಅವನಿಗೆ ಯಾರೂ ವಿವರಿಸುವ ಅಗತ್ಯವಿರಲಿಲ್ಲ.

"ಏನ್ಲಾ ಇದು? ಇಷ್ಟೊಂದು ಸೌದೆ ಯಾವನ್ಲಾ ಇಕ್ಕಿದ್ದು?"

"ನಾನೇಯ ಗೌಡ್ರೆ" ಎಂದ ಚೆನ್ನಯ್ಯ.

"ಕೊನೇ ದಿವ್ಸದ ಸೊಪ್ಗೆ ಇಂಗೆ ಇಕ್ತರೇನ್ಲಾ? ಮೂವತ್ತೊಂದು ವರ್ಸ ಒಲೆ ಮುಂದೆ ಕುಂತೋನ್ಗೆ ಉರಿ ತಿಳೀದಾ? ಕುಡ್ದಿದ್ದೇನ್ಲಾ?"

"ತಪ್ಪಾಯ್ತು ಗೌಡ್ರೆ."

"ತಪ್ಪಂತೆ! ಕಂಡೋರ್ ಸೊಪ್ಪು ಅಂತ ಸಸಾರ ಆಗೋಯ್ತು ನಿಂಗೆ. ಎದ್ದೋಗು. ನಾಳಿಂದ ಈ ಕಡೆ ತಲೆ ಆಕ್ಬ್ಯಾಡ."

ಚೆನ್ನಯ್ಯ ಎದ್ದ. ಎಡಗೈಯಲ್ಲಿ ಗೂಟದ ಅಂಗಿ ತೆಗೆದುಕೊಂಡ. ಆಶಾಳ ಕಡೆ ನೋಡಲೂ ಇಲ್ಲ. ಅವಳಿಗೆ ಗೊತ್ತಾಯಿತು, ಇವನು ಹೇಳುವುದಿಲ್ಲ, ಸತ್ತರೂ ಹೇಳುವುದಿಲ್ಲ. ಅವಳು ಸುಮ್ಮನಿದ್ದರೆ ಈ ಮಾತು ಇಲ್ಲಿಗೆ ಮುಗಿಯುತ್ತದೆ. ಸಂತೆಯಲ್ಲಿ ಮಾವ ಮೆರೆಸಿದ ಸೊಸೆ ಜಾಣ ಸೊಸೆಯಾಗಿಯೇ ಉಳಿಯುತ್ತಾಳೆ. ಒಂದು ಕ್ಷಣ, ನಾಚಿಕೆಗೇಡು, ಆ ಯೋಚನೆ ಅವಳಿಗೆ ಬಂದದ್ದು ನಿಜ.

"ಮಾವ, ಹಾಕಿಸಿದ್ದು ನಾನು" ಎಂದಳು. "ನನ್ನ ಕಂಪ್ಯೂಟರು ಅದರ ಶಾಖ ಇದಕ್ಕೆ, ಇದರ ಶಾಖ ಅದಕ್ಕೆ ತೋರಿಸ್ತಿತ್ತು. ಅದು ಹಂಗಾಗದೇ ಇರೋ ಹಾಗೆ ಮಾಡೋದು ಐದು ನಿಮಿಷದ ಕೆಲಸ, ನಾನು ಮಾಡಿರಲಿಲ್ಲ. ಹೊಸದು ಬಿಸಿಯಾಗೇ ಇದೆ, ಹಾಕೋದು ಬೇಡ ಅಂತ ಚೆನ್ನಯ್ಯ ಅಂದ. ಇನ್ನೂವಾ ಅಂತ ಮತ್ತೂ ಕೇಳಿದ. ನಾನೇ ಬೈದು ಹಾಕಿಸಿದೆ."

"ಪ್ಲಗ್ಗು ಅದಲು ಬದಲು ಆಕಿದ್ದು ನಾನು" ಎಂದು ದೊಡ್ಡಮ್ಮ ನಡುವೆ ಬಾಯಿ ಹಾಕಿದಳು.

"ಇಲ್ಲ ಅತ್ತೆ, ನೀವು ಹೇಗಾದ್ರೂ ಹಾಕ್ಬಹುದಿತ್ತು. ತಪ್ಪು ನಂದು."

ರಾಮಣ್ಣ ಕನ್ನಡಕ ತೆಗೆದ. ಸೊಸೆಯನ್ನು ನೋಡಿದ, ಚೆನ್ನಯ್ಯನನ್ನು ನೋಡಿದ, ಆಗ ಅವನ ಕೈ ಕಂಡಿತು. ಸೊಸೆಯನ್ನು ಬೈಯಲಿಲ್ಲ, ಕೇಳಿದ್ದು ಚೆನ್ನಯ್ಯನನ್ನೇ. "ಬಿಸಿ ಅದೆ ಅಂತ ಗೊತ್ತಿದ್ದೂ ಯಾಕ್ಲಾ ಇಕ್ದೆ? ಆಗಕಿಲ್ಲ ಓಗವ್ವ ಅನ್ಬಾರ್ದಿತ್ತಾ?"

ಚೆನ್ನಯ್ಯ ನೆಲ ನೋಡುತ್ತಾ ನಿಂತಿದ್ದ. "ಗೊತ್ತಿತ್ತು ಅಂತ ಎಂಗೇಳ್ಲಿ ಗೌಡ್ರೆ? ಗ್ವಾಡೆ ಸುಡ್ತಿತ್ತು, ಅದು ದಿಟ. ಆದ್ರೆ ಓದೊರ್ಸ ಸಂತೆ ತುಂಬ ಏಳ್ಕಂಡು ಬಂದ್ರಲ್ಲ ನೀವು, ಚೆನ್ನಯ್ಯನ ಕೈ ಸತ್ತೋಗದೆ ಅಂತ. ಜನ ಈಗ್ಲೂವೆ ಆಡ್ಕತರೆ. ಇವತ್ತು ಅಂಗೈ ಸುಡ್ತಿದ್ರೂವೆ, ಈ ಕೈಯೇ ಸುಳ್ಳೇಳ್ತದೆ ಅನ್ಕಂಡು ಸೌದೆ ಇಕ್ದೆ."

ಕುಮಾರ ಬೈಕನ್ನು ತಿರುಗಿಸಿ ನಿಲ್ಲಿಸಿ, "ಕೂತ್ಕೋ ಚೆನ್ನಯ್ಯ, ಆಸ್ಪತ್ರೆಗೆ ಹೋಗಣ" ಎಂದ. ದೊಡ್ಡಮ್ಮ ತನ್ನ ಒಗೆದ ಸೀರೆಯ ಒಂದು ತುಂಡನ್ನು ನೆನೆಸಿ ಅವನ ಕೈಗೆ ಸುತ್ತಿದಳು.

ರಾಮಣ್ಣನಿಗೆ ತಪ್ಪಾಯಿತೆಂದು ಹೇಳಿ ಅಭ್ಯಾಸವಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಹೇಳಿದವನಲ್ಲ. ಅವನು ಅಂಗಿಯ ತೋಳು ಮಡಚಿಕೊಂಡು, ತಣ್ಣಗಾಗಿ ಕೂತಿದ್ದ ಹಳೇ ಬ್ಯಾರನ್ನಿನ ಒಲೆಯ ಮುಂದೆ ಹೋಗಿ, ಚೆನ್ನಯ್ಯ ಕೂರುವ ಕಲ್ಲಿನ ಮೇಲೆ ತಾನು ಕೂತ. ಬೈಕು ಹೊರಡುವಾಗ ಕೂಗಿ ಕೇಳಿದ.

"ಲೇ ಚೆನ್ನಯ್ಯ, ಇದು ಆರೋಗದೆ ಕಣ್ಲಾ. ಎಷ್ಟು ಕೊಳ್ಳಿ ಇಕ್ಲಿ? ನೀನ್ ಏಳ್ದಂಗೆ ಇಕ್ತೀನಿ, ಗ್ವಾಡೆಗೊಂದ್ಸಲ ಕೈ ಮಡಗಿ ಏಳೋಗು."

ಕುಮಾರ ಬೈಕು ನಿಲ್ಲಿಸಿದ. ಚೆನ್ನಯ್ಯ ಇಳಿಯಲಿಲ್ಲ. ಸುಡದ ಎಡಗೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಗೋಡೆಯ ಕಡೆ ನೋಡಿದ.

"ನಂಗೆ ತಿಳಿಯಕಿಲ್ಲ ಗೌಡ್ರೆ" ಎಂದ. "ಅವ್ವನ್ನ ಕೇಳ್ಕಳಿ."

ಬೈಕು ಹೊರಟು ಬಿದಿರು ಮೆಳೆಯ ಆಚೆ ಹೋಯಿತು. ರಾಮಣ್ಣ ಸೌದೆ ಹಿಡಿದುಕೊಂಡು ಸೊಸೆಯ ಮುಖ ನೋಡುತ್ತಿದ್ದ. ಆಶಾ ಅಳುತ್ತಾ ನಿಂತಿದ್ದಳು, ಎಷ್ಟು ಕೊಳ್ಳಿ ಎಂದು ಅವಳಿಗೂ ಗೊತ್ತಿರಲಿಲ್ಲ.